ಕಳ್ಳಚಿತ್ರ

ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂದದ್ದು ದೊಡ್ಡ ಕೋಣೆಯಿಂದ ಇನ್ನೊಂದು ಕೂಗು ಎದ್ದಾಗ. ಯಾರೋ ‘ಮೂರೂವರೆ!’ ಎಂದು ಕಿರುಚಿದರು, ಯಾರೋ ಮೇಜು ಬಡಿದರು, ಕುರ್ಚಿಯೊಂದು ಧಡ್ ಎಂದು ಬಿತ್ತು. ಮೂರೂವರೆ ಎಂದರೆ ಮೂರೂವರೆ ಕೋಟಿ. ಕೋಟಿ ಎಂಬ ಮಾತನ್ನು ಸೇರಿಸುವಷ್ಟು ಪುರುಸೊತ್ತು ಈಗ ಅಲ್ಲಿ ಯಾರಿಗೂ ಇರಲಿಲ್ಲ. ಅವಳು ನಲ್ಲಿ ನಿಲ್ಲಿಸಿದಳು, ಲೋಟ ಬೋರಲು ಹಾಕಿದಳು, ಕೈ ಒರೆಸಿಕೊಳ್ಳಲು ಮರೆತು ಹಾಗೇ ನಿಂತಳು. ಚಹಾ ಕಾಯಿಸುವ ಈ ಸಣ್ಣ ಕೋಣೆಗೆ ನೀರು ಕುಡಿಯುವ ನೆಪ ಹೇಳಿ ಬಂದು ಬಹಳ ಹೊತ್ತಾಗಿರಬೇಕು, ನೀರು ಮಾತ್ರ ಇನ್ನೂ ಕುಡಿದಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಟೀಲಿನ ಕೆಟಲಿನ ಹೊಳೆಯುವ ಹೊಟ್ಟೆಗೆ ಮುಖ ತಂದು ನಾಲಿಗೆ ಚಾಚಿದಳು. ಅಗಲವಾಗಿ ಹಿಗ್ಗಿದ ಮುಖ, ಸಣ್ಣ ಕಣ್ಣು, ನಡುವೆ ಒಂದು ನಾಲಿಗೆ. ಬೆಳಗಿನ ಚಹಾದಿಂದ ಸ್ವಲ್ಪ ಕಂದಾದದ್ದು, ತುದಿಯಲ್ಲಿ ಎಂದೋ ಹಲ್ಲಿಗೆ ಸಿಕ್ಕ ಗುರುತಿರುವುದು, ಎಲ್ಲರಿಗೂ ಇರುವಂಥದ್ದೇ. ಇದಕ್ಕೆ ಮೂರೂವರೆ ಕೋಟಿ. ನಗು ಒತ್ತರಿಸಿ ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಯಾವುದು ಮೊದಲು ಹೊರಬೀಳುತ್ತದೋ ತಿಳಿಯದೆ ಅವಳು ಬಾಯಿ ಮುಚ್ಚಿಕೊಂಡಳು.

ಹರಾಜಾಗುತ್ತಿದ್ದದ್ದು ಮೇಷ್ಟ್ರ ಚಿತ್ರ. ಯಾವ ಶಾಲೆಯಲ್ಲೂ ಪಾಠ ಹೇಳದ ಅವರನ್ನು ಈ ಸ್ಟುಡಿಯೋದಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಚಿತ್ರಗಳನ್ನು ಓಡಾಡಿಸುವ, ಅಳಿಸುವ, ನಗಿಸುವ ವಿದ್ಯೆಯಲ್ಲಿ ಅವರ ತಲೆಮಾರಿನವರು ಬೇರೆ ಯಾರೂ ಉಳಿದಿರಲಿಲ್ಲ. ಚಿತ್ರದಲ್ಲಿ ಒಬ್ಬ ಹೆಂಗಸು ಕಿಟಕಿ ತೆರೆಯುತ್ತಾಳೆ, ಹೊರಗೆ ನೋಡುತ್ತಾಳೆ, ಯಾರೂ ಬರಲಿಲ್ಲವೆಂಬಂತೆ ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ. ಅಷ್ಟೇ. ಮುಗಿದಲ್ಲಿಂದಲೇ ಪುನಃ ಶುರುವಾಗುತ್ತದೆ. ಕೊಂಡವನ ಮನೆಗೆ ಚೌಕಟ್ಟು ಹಾಕಿದ ಯಾವ ವಸ್ತುವೂ ಹೋಗುವುದಿಲ್ಲ. ಅದೊಂದು ಫೈಲು, ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು, ಇಳಿಸಿಕೊಳ್ಳಬಹುದು. ಆದರೆ ಇದರ ಒಡೆಯ ಇಂಥವನೊಬ್ಬನೇ ಎಂಬ ದಾಖಲೆ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಯಾರೂ ಅಳಿಸಲಾಗದ ಹಾಗೆ ಕೂತುಬಿಡುತ್ತದೆ. ಸ್ಟುಡಿಯೋದ ವ್ಯವಹಾರ ನೋಡಿಕೊಳ್ಳುವ ಮೇಷ್ಟ್ರ ಅಳಿಯ ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದ ದಿನ ಅವಳು ಮನೆಗೆ ಹೋಗಿ ಅತ್ತೆಗೆ ಹೇಳಿದ್ದಳು. ‘ಅಂದ್ರೆ ಎಲ್ಲರ ಹತ್ರಾನೂ ಇರೋ ಸಾಮಾನಿಗೆ ಒಬ್ಬ ದುಡ್ಡು ಕೊಡ್ತಾನೆ ಅನ್ನು,’ ಎಂದು ಅತ್ತೆ ಕಾಲು ನೀವಿಕೊಳ್ಳುತ್ತಲೇ ಹೇಳಿದ್ದರು. ‘ಅಂಥವನು ಸಿಕ್ಕಿದ್ರೆ ಮನೆಗೊಂದ್ಸಲ ಕರ್ಕೊಂಡ್ ಬಾ. ನನ್ನ ಮಂಡಿನೋವು ಮಾರ್ತೀನಿ.’ ಅವತ್ತು ಗಂಡ, ಅತ್ತೆ, ಅವಳು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವಳ ಕೆಲಸ ನಡುಚಿತ್ರ ಬರೆಯುವುದು. ಮೇಷ್ಟ್ರು ಮುಖ್ಯವಾದ ನಿಲುವುಗಳನ್ನು ಬರೆಯುತ್ತಾರೆ: ಕೈ ಚಿಲಕದ ಮೇಲೆ; ಆಮೇಲೆ ಕೈ ಹೊರಗೆ, ಗಾಳಿಯಲ್ಲಿ. ಚಿಲಕದಿಂದ ಗಾಳಿಗೆ ಆ ಕೈ ಹೋಗಿ ಮುಟ್ಟುವ ತನಕ ಬೇಕಾಗುವ ಹತ್ತಾರು ಚಿತ್ರಗಳು ಅವಳವು. ಒಳ್ಳೆಯ ನಡುಚಿತ್ರ ಎಂದರೆ ಯಾರ ಕಣ್ಣಿಗೂ ಬೀಳದೆ ಜಾರಿಹೋಗುವ ಚಿತ್ರ. ಕಣ್ಣಿಗೆ ಬಿದ್ದರೆ ಕೈ ಎಡವಿದೆ ಎಂದೇ ಅರ್ಥ. ಇಷ್ಟು ವರ್ಷದಲ್ಲಿ ಅವಳು ಎಷ್ಟು ಜನರನ್ನು ಮೆಟ್ಟಿಲು ಹತ್ತಿಸಿದ್ದಾಳೆ, ಎಷ್ಟು ಜನರ ಕಣ್ಣು ಮುಚ್ಚಿಸಿ ತೆರೆಸಿದ್ದಾಳೆ, ಯಾರಾದರೂ ಒಬ್ಬರು ಇದು ಚೆನ್ನಾಗಿದೆ ಎಂದದ್ದು ಅವಳಿಗೆ ನೆನಪಿಲ್ಲ. ಅವಳಿಗೆ ಅದರ ಬೇಸರವೂ ಇರಲಿಲ್ಲ, ಅಥವಾ ಇರಲಿಲ್ಲ ಎಂದುಕೊಂಡಿದ್ದಳು, ಅತಿಥಿಗಳು ಬಂದ ಆ ದಿನದ ತನಕ.

ಯಾವುದೋ ಕಲಾಶಾಲೆಯ ಹಿರಿಯರು. ಮೇಷ್ಟ್ರು ಅವರನ್ನು ಮೇಜುಗಳ ಸಾಲಿನ ನಡುವೆ ನಡೆಸಿಕೊಂಡು ಬಂದು ಅವಳ ಬೆನ್ನ ಹಿಂದೆ ನಿಂತರು. ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಅವಳು ಅರ್ಧ ಎದ್ದಳು, ಆ ಅರ್ಧದಲ್ಲೇ ಉಳಿದಳು. ‘ಇವರ ಹೆಸರು?’ ಎಂದು ಅತಿಥಿ ಕೇಳಿದರು. ಮೇಷ್ಟ್ರು ಅವಳ ತಲೆಯ ಮೇಲಿಂದಲೇ, ‘ಇವರೆಲ್ಲ ನನ್ನ ಬೆರಳುಗಳು. ಬೆರಳಿಗೆಲ್ಲ ಎಲ್ಲಿಯ ಹೆಸರು?’ ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಬಹಳ ದಿನ ಕಾಡಿದ್ದು ಅದೇ, ಮೇಷ್ಟ್ರು ಅಂದದ್ದಕ್ಕಿಂತ ತಾನು ನಕ್ಕದ್ದು. ಸಂಜೆ ಬಸ್ಸಿನಲ್ಲಿ ಕೂತಾಗ ಉತ್ತರ ಹೊಳೆಯಿತು: ಬೆರಳಿಗೂ ಹೆಸರಿದೆಯಲ್ಲ ಸಾರ್, ಹೆಬ್ಬೆರಳು, ತೋರುಬೆರಳು, ಉಂಗುರದ ಬೆರಳು, ಕಿರುಬೆರಳು. ಬಸ್ಸಿನಲ್ಲಿ ಹೊಳೆಯುವ ಉತ್ತರದಿಂದ ಯಾರಿಗೆ ಏನು ಪ್ರಯೋಜನ. ಅವಳು ಒಬ್ಬಳೇ ಬೆರಳು ಮಡಚುತ್ತ ತುಟಿ ಅಲ್ಲಾಡಿಸುವುದನ್ನು ಕಂಡು ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ನಡುಚಿತ್ರ ಬರೆಯುವವರಲ್ಲಿ ಒಂದು ಹಳೆಯ ಪದ್ಧತಿ ಇತ್ತು. ದೊಡ್ಡ ಕೆಲಸವೊಂದು ಮುಗಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ಸಾಲಿನಲ್ಲಿ ಒಂದು ಕಳ್ಳಚಿತ್ರ ಸೇರಿಸುವುದು. ಓಡುವ ಕುದುರೆಗೆ ಒಂದೇ ಒಂದು ಚಿತ್ರದಲ್ಲಿ ಕನ್ನಡಕ. ಅಳುವ ರಾಜನಿಗೆ ಮೂಗಿನ ತುದಿಯಲ್ಲಿ ನೊಣ. ಪರದೆಯ ಮೇಲೆ ಅದು ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತದೆ, ನೋಡುವವರಿಗೆ ಏನೋ ಒಂದು ಸುಳಿದಂತಾಗುತ್ತದೆಯೇ ಹೊರತು ಏನೆಂದು ತಿಳಿಯುವುದಿಲ್ಲ. ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಹಾಕಿ ತಪ್ಪು ನೋಡುವವರು ಸೋಡಾಬುಡ್ಡಿ. ಕನ್ನಡಕದ ಗಾಜಿನ ದಪ್ಪಕ್ಕೆ ಬಂದ ಹೆಸರು. ಅವರು ಕಳ್ಳಚಿತ್ರವನ್ನು ಹಿಡಿದರೆ ಬರೆದವರು ಎಲ್ಲರಿಗೂ ಬನ್ನು ಕೊಡಿಸಬೇಕು, ಹಿಡಿಯದಿದ್ದರೆ ಅವರೇ ಕೊಡಿಸಬೇಕು. ಮೇಷ್ಟ್ರಿಗೆ ಹೇಳಬಾರದು, ಅದೊಂದೇ ಕಟ್ಟುನಿಟ್ಟು. ಬಸ್ಸಿನ ಮರುದಿನ ಅವಳು ಬಂದವಳೇ, ಕೋಟು ಬಿಚ್ಚುವ ಮೊದಲೇ, ಕಿಟಕಿಯ ಹೆಂಗಸಿನ ಬಾಯಿ ತೆರೆಸಿದಳು. ಹೊರಗೆ ನೋಡುತ್ತಿದ್ದ ಕಣ್ಣು ನೇರವಾಗಿ ಇತ್ತ ತಿರುಗಿತು, ನಾಲಿಗೆ ಗಲ್ಲದ ತನಕ ಇಳಿಯಿತು. ಚಿಕ್ಕವಳಿದ್ದಾಗ ಬೈದ ಅಜ್ಜಿಯ ಬೆನ್ನಿಗೆ ಅವಳು ಹೀಗೇ ನಾಲಿಗೆ ಚಾಚಿದ್ದಳು. ಎದುರಿನ ಗೋಡೆಯ ಕನ್ನಡಿಯಲ್ಲಿ ಅಜ್ಜಿ ನೋಡಿಬಿಟ್ಟಿದ್ದರು, ನೋಡಿ, ತಿರುಗದೆಯೇ, ಕನ್ನಡಿಯಲ್ಲೇ ಅವರೂ ನಾಲಿಗೆ ಚಾಚಿದ್ದರು. ಆ ಚಿತ್ರ ಬರೆದು ಮುಗಿಸಿದಾಗ ಮೈ ಹಗುರವಾಗಿತ್ತು. ಆಗ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಕೆಲಸಕ್ಕೆ ಕೂತಳು.

ಫೈಲನ್ನು ಮಾರಿದಾಗ ಅದನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡುವ ಜನ ಬರುತ್ತಾರೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಜನ್ಮವೆಲ್ಲ ಓಡುವ ಚಿತ್ರಗಳ ಜೊತೆ ಕಳೆದವರು ಮಾತ್ರ ಮಾಡುವ ತಪ್ಪು. ಚಿತ್ರ ನಿಲ್ಲುತ್ತದೆ ಎಂಬುದೇ ಅವರಿಗೆ ಮರೆತುಹೋಗಿರುತ್ತದೆ. ಇವತ್ತು ಊಟವಾದ ಮೇಲೆ ಹರಾಜು ಶುರುವಾದಾಗ ಬೆಲೆ ಆಮೆಯಂತೆ ನಡೆದಿತ್ತು. ಬಿಡ್ಡು ಹಾಕುವವರ ಮುಖ ಕಾಣುವುದಿಲ್ಲ, ಅವರವರು ಇಟ್ಟುಕೊಂಡ ಗೊಂಬೆ ಮುಖ ಕಾಣುತ್ತದೆ. ನೀಲಿ ಛತ್ರಿಯೊಂದು, ಮೀಸೆ ಬರೆದ ಬೆಕ್ಕೊಂದು. ನಲವತ್ತು ಲಕ್ಷಕ್ಕೆ ಬಂದು ಉಸಿರುಗಟ್ಟಿ ನಿಂತಿದ್ದಾಗ ಆ ಮೀಸೆಬೆಕ್ಕು ಒಂದು ಚಿತ್ರ ಹಾಕಿ ಕೇಳಿತು: ‘ಇದೇನು?’ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವಳ ನಾಲಿಗೆ. ಹರಾಜು ನಡೆಸುವ ಹುಡುಗಿ ಪರದೆಯೊಳಗಿಂದ, ‘ಇದು ನೀವು ಬೇಕೂಂತಲೇ ಬರೆದಿದ್ದಾ?’ ಎಂದು ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರು ನೋಡಿದರು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದಾರೆಂಬುದು ಅವಳಿಗೆ ಗೊತ್ತಾಯಿತು, ಅವರ ರೆಪ್ಪೆ ಎರಡು ಸಲ ಬಡಿಯಿತು. ಆಮೇಲೆ, ‘ಹೌದು,’ ಎಂದರು, ನಿಧಾನವಾಗಿ. ‘ಆ ಒಂದು ಚಿತ್ರಕ್ಕೋಸ್ಕರವೇ ಉಳಿದದ್ದೆಲ್ಲ ಬರೆದೆ.’

ಅಷ್ಟೇ ಸಾಕಾಯಿತು. ಎಲ್ಲೆಲ್ಲಿಂದಲೋ ಜನ ನುಗ್ಗಿದರು. ಯಾರೋ ಬರೆದರು, ಇದು ಕಾಲವೇ ನಮ್ಮನ್ನು ಅಣಕಿಸುವುದು ಎಂದು. ಇನ್ನೊಬ್ಬರು ಬರೆದರು, ಇಷ್ಟು ಶತಮಾನ ಕಿಟಕಿಯಲ್ಲಿ ಕಾಯಿಸಲ್ಪಟ್ಟ ಹೆಂಗಸರೆಲ್ಲರ ಉತ್ತರ ಇದು ಎಂದು. ಅವಳಿಗೆ ಆ ಎರಡನೆಯದನ್ನು ಓದಿ ಮೈ ಜುಮ್ಮೆಂದಿತು, ನಾನು ಇಷ್ಟೆಲ್ಲ ಹೇಳಿದೆನೆ ಎಂದು. ಛತ್ರಿ ಒಂದು ಕೋಟಿ ಎಂದಿತು. ಬೆಕ್ಕು ಒಂದೂವರೆ ಎಂದಿತು. ಅಳಿಯ ಮೇಜು ಹತ್ತಿ ನಿಂತು ಇಳಿಯುವುದು ಹೇಗೆಂದು ತಿಳಿಯದೆ ಅಲ್ಲಿಂದಲೇ ಕೂಗಾಡತೊಡಗಿದ. ಆಗಲೇ ಅವಳು ನೀರಿನ ನೆಪ ಹೇಳಿ ಓಡಿಬಂದದ್ದು, ಇನ್ನೊಂದು ನಿಮಿಷ ಅಲ್ಲಿ ನಿಂತಿದ್ದರೆ ಅದು ನನ್ನದು ಎಂದು ಕಿರುಚುತ್ತಿದ್ದಳು. ಹರಾಜಿನ ಪುಟದ ತಲೆಯಲ್ಲೇ ಅಳಿಯ ಬರೆಸಿದ್ದ ಸಾಲೊಂದಿತ್ತು: ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಕಲಾವಿದರ ಸ್ವಂತ ಕೈ. ಅದು ಸುಳ್ಳೆಂದಾದರೆ ಮಾರಾಟ ರದ್ದು. ಆ ಸಾಲನ್ನು ಅವಳು ಹೋದ ವಾರವೇ ಓದಿದ್ದಳು, ಓದಿ ಏನೂ ಹೇಳಿರಲಿಲ್ಲ.

ತಡೆಯಲಾರದೆ ಗಂಡನಿಗೆ ಫೋನು ಮಾಡಿದಳು. ಅವನು ಔಷಧಿ ಅಂಗಡಿಯ ಕೌಂಟರಿನಲ್ಲಿ ಯಾರಿಗೋ ಕೆಮ್ಮಿನ ಮದ್ದು ಕೊಡುತ್ತಿದ್ದ. ‘ರೀ, ನನ್ನ ನಾಲಿಗೆ ಮೂರೂವರೆ ಕೋಟಿಗೆ ಹೋಗ್ತಿದೆ,’ ಎಂದಳು, ಉಸಿರು ಸಾಲದೆ.

‘ಊಟ ಆದ ಮೇಲೆ ಎರಡು ಚಮಚ,’ ಎಂದ ಅವನು ಯಾರಿಗೋ. ಆಮೇಲೆ, ‘ನಿನ್ನ ನಾಲಿಗೆ ಬೆಲೆ ನಮ್ಮನೇಲಿ ಎಲ್ಲರಿಗೂ ಗೊತ್ತು ಬಿಡು. ಏನಾಯ್ತು ಸರಿಯಾಗಿ ಹೇಳು.’

ಹೇಳಿದಳು. ಮಾತು ಒಂದರ ಮೇಲೊಂದು ಬಿದ್ದು, ಹಿಂದುಮುಂದಾಗಿ, ಮಧ್ಯೆ ನಗುತ್ತ. ‘ಅಯ್ಯೋ ನಿನ್ನ,’ ಎಂದ, ಖುಷಿಯಿಂದಲೇ. ಆಮೇಲೆ ಅಂಗಡಿಯವನ ಧ್ವನಿಯಲ್ಲಿ, ‘ಅದು ನೀನು ಬರ್ದಿದ್ದು ಅಂತ ಯಾರಿಗೆ ಗೊತ್ತು?’ ಎಂದು ಕೇಳಿದ.

‘ನಿಮಗೆ ಗೊತ್ತು.’

‘ನನಗೆ ಗೊತ್ತಾಗಿ ಏನು ಬಂತೇ,’ ಎಂದ ಅವನು. ಕುಹಕವೇನೂ ಇರಲಿಲ್ಲ ಅದರಲ್ಲಿ. ಪಾಪ, ನಿಜವಾಗಿಯೂ ತನ್ನಿಂದ ಏನಾದರೂ ಆಗುತ್ತದೆಯೇ ಎಂದು ಯೋಚಿಸುತ್ತಿದ್ದ. ಆದರೂ ಅವಳಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ದೊಡ್ಡ ಕೋಣೆಯಿಂದ ‘ಐದು!’ ಎಂದು ಕೇಳಿಸಿತು. ಐದು ಎಂದ ತಕ್ಷಣ ಮತ್ತೆ ಮೈಗೆ ರಕ್ತ ಬಂತು. ಇದೆಂಥ ನಾಚಿಕೆಗೆಟ್ಟ ಸಂತೋಷ ಎಂದು ಅವಳಿಗೇ ಅನ್ನಿಸಿತು. ಬೆಲೆ ಏರಿದಂತೆಲ್ಲ ಮೇಷ್ಟ್ರ ಮೇಲೆ ಸಿಟ್ಟು ಏರಬೇಕಿತ್ತು, ಏರುತ್ತಿದ್ದದ್ದು ಹೆಮ್ಮೆ. ಯಾರ ಹೆಸರಿನಲ್ಲಾದರೂ ಇರಲಿ, ಏರಲಿ, ಇನ್ನೂ ಏರಲಿ ಎಂದು ಒಳಗೊಳಗೇ ಕುಣಿಯುತ್ತಿದ್ದಳು. ಫೋನು ಇಟ್ಟಾಗ ಬಾಗಿಲಲ್ಲಿ ಸೋಡಾಬುಡ್ಡಿ ನಿಂತಿದ್ದರು.

‘ಎಷ್ಟು ತೊಳೀತೀಯಮ್ಮ ಲೋಟಾನ, ಸವೆದುಹೋಗತ್ತೆ,’ ಎಂದರು ಅವರು. ಒಳಗೆ ಬಂದು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ಆಗಷ್ಟೇ ಎದ್ದು ಬಂದವರ ಮುಖದಂತೆ ಕಾಣುತ್ತಿತ್ತು. ‘ಈಗ ಬನ್ನು ಯಾರು ಕೊಡಿಸ್ಬೇಕು?’

ಅವಳಿಗೆ ನಗು ಬಂತು. ‘ನೀವು ಹಿಡೀಲಿಲ್ವಲ್ಲ. ನೀವೇ ಕೊಡಿಸ್ಬೇಕು.’

‘ಹಿಡೀಲಿಲ್ಲ ಅಂತ ಯಾರು ಹೇಳಿದ್ದು?’

ಅವಳು ಅವರ ಮುಖ ನೋಡಿದಳು. ಅವರು ಕನ್ನಡಕವನ್ನೇ ನೋಡುತ್ತಿದ್ದರು. ‘ಅವತ್ತು ಬೆರಳು ಅಂದಾಗ ನಾನೂ ನಕ್ಕಿದ್ದೆ ಕಣಮ್ಮ,’ ಎಂದರು. ‘ಮಾರನೇ ದಿನ ಇದು ಕಣ್ಣಿಗೆ ಬಿತ್ತು. ತೆಗೆಯೋಕೆ ಕೈ ಬರಲಿಲ್ಲ.’ ಕನ್ನಡಕ ಹಾಕಿಕೊಂಡು, ಬಂದದ್ದು ಯಾಕೆಂದು ಮರೆತವರಂತೆ ಸುತ್ತ ನೋಡಿ, ಬಿಸ್ಕತ್ತಿನ ಡಬ್ಬಿಯನ್ನು ಎತ್ತಿಕೊಂಡು ಹೋದರು.

ಆರು ಕೋಟಿ ಇಪ್ಪತ್ತು ಲಕ್ಷ ಆ ಹರಾಜುಕಟ್ಟೆಯ ಇದುವರೆಗಿನ ದಾಖಲೆ. ಅದು ಮುರಿದದ್ದು ಸದ್ದಿನಿಂದಲೇ ತಿಳಿಯಿತು. ಕೂಗಲ್ಲ, ಕೂಗು ನಿಂತಿತು. ಏಳು. ಏಳೂವರೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣು ಮುಚ್ಚಿ, ಬೆಕ್ಕೇ, ಮುಂದಕ್ಕೆ ಹೋಗು, ಹೋಗು ನನ್ನಪ್ಪ, ಎಂದು ಬೇಡಿಕೊಂಡಳು. ಎಂಟು ಎಂದಾಗ ಛತ್ರಿ ಸುಮ್ಮನಾಯಿತು. ಬೆಕ್ಕು ಗೆದ್ದಿತು. ಆಮೇಲೆ ಎದ್ದ ಗದ್ದಲದಲ್ಲಿ ಯಾರೋ ಓಡಿಬಂದು ಅವಳನ್ನು ತಬ್ಬಿದರು, ಯಾರೋ ಅವಳ ಬಾಯಿಗೆ ಬಿಸ್ಕತ್ತು ತುರುಕಿದರು, ಎಲ್ಲರೂ ಎಲ್ಲರನ್ನೂ ಅಭಿನಂದಿಸಿದರು. ಅವಳು ಅಗಿಯುತ್ತ, ಅಳುತ್ತ, ‘ನಮ್ಮ ಮೇಷ್ಟ್ರು, ನಮ್ಮ ಮೇಷ್ಟ್ರು,’ ಎಂದಳು. ಹಾಗೆಂದದ್ದು ತನ್ನ ಬಾಯಿಯೇ ಎಂದು ನಂಬಲಾಗಲಿಲ್ಲ.

ಮೇಷ್ಟ್ರು ಅಲ್ಲಿಗೇ ಬಂದರು. ಚಹಾದ ಕೋಣೆಗೆ ಅವರು ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ, ಅವರ ಚಹಾ ಅವರ ಕೋಣೆಗೇ ಹೋಗುತ್ತಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲು ಮುಚ್ಚಿ, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ‘ಬೆಕ್ಕಿನವನು ಒಂದು ಆಸೆ ಪಟ್ಟಿದ್ದಾನೆ,’ ಎಂದರು. ‘ಆ ಚಿತ್ರಾನ ಇನ್ನೊಂದು ಸಲ ಬರೀಬೇಕಂತೆ. ಈಗಲೇ, ಎಲ್ಲರ ಮುಂದೆ. ಅಳಿಯ ಧಾರಾಳವಾಗಿ ಅಂದುಬಿಟ್ಟ.’

‘ಬರೀರಿ ಸಾರ್,’ ಎಂದಳು. ತನ್ನ ಧ್ವನಿಯಲ್ಲಿ ವಿಷವಿದೆಯೇನೋ ಎಂದು ಕೇಳಿಸಿಕೊಂಡಳು, ಇದ್ದರೆ ಇರಲಿ ಎಂದುಕೊಂಡಳು. ಮೇಷ್ಟ್ರು ಎರಡೂ ಕೈ ಮುಂದೆ ಚಾಚಿದರು. ಕೈ ನಡುಗುತ್ತಿದ್ದವು. ಸ್ವಲ್ಪವಲ್ಲ, ಅವಳು ಬೋರಲು ಹಾಕಿದ್ದ ಲೋಟದ ಮೇಲೆ ಒಂದು ಕೈ ಇಟ್ಟರು, ಲೋಟ ಕಲ್ಲಿನ ಮೇಲೆ ಟಕಟಕ ಎಂದಿತು. ಆ ಸದ್ದು ಕೇಳಿ ಅವರೇ ನಾಚಿಕೊಂಡು ಕೈ ತೆಗೆದರು.

‘ಯಾವಾಗಿಂದ ಸಾರ್?’

‘ಕಿಟಕಿಗಿಂತ ಮೊದಲು.’

ಹಾಗಾದರೆ ಆ ಗೆರೆಗಳು. ಮೇಷ್ಟ್ರು ಕಳಿಸುತ್ತಿದ್ದ ನಿಲುವುಗಳಲ್ಲಿ ಹೆಂಗಸಿನ ಭುಜ ಒಡೆದು ಒಡೆದು ಬರುತ್ತಿತ್ತು. ಇದು ಅವರ ಹೊಸ ಶೈಲಿ ಎಂದು ಎಲ್ಲರೂ ಗೌರವದಿಂದ ನೋಡಿದ್ದರು, ‘ನೀನೇ ಸರಿ ಮಾಡ್ಕೋ’ ಎಂದು ಮೇಲೊಂದು ಸಾಲು ಬರೆದಿರುತ್ತಿತ್ತು, ಅವಳು ಗೊಣಗುತ್ತ ಸರಿ ಮಾಡಿಕೊಂಡಿದ್ದಳು. ಸರಿ ಮಾಡುತ್ತ ಮಾಡುತ್ತ ಯಾವ ದಿನ ಅದು ಪೂರ್ತಿ ಅವಳದ್ದೇ ಆಯಿತೋ, ಅವಳಿಗೂ ಗೊತ್ತಾಗಲಿಲ್ಲ. ಆ ಭುಜ ಅವಳದು. ಆ ಕತ್ತು, ಆ ಕೈ. ಎಂಟು ಕೋಟಿಯಲ್ಲಿ ಯಾವ ಗೆರೆ ಮೇಷ್ಟ್ರದು ಎಂದು ಅವಳು ಮನಸ್ಸಿನಲ್ಲೇ ಹುಡುಕಿದಳು. ಚಿಲಕ ಮೇಷ್ಟ್ರದು, ಚಿಲಕ ಚೆನ್ನಾಗಿತ್ತು.

‘ಅದು ನನಗೇ ತಾನೇ ಚಾಚಿದ್ದು?’ ಎಂದರು ಮೇಷ್ಟ್ರು.

ಸುಳ್ಳು ಹೇಳಬಹುದಿತ್ತು. ‘ಹೌದು ಸಾರ್,’ ಎಂದಳು.

ಅವರು ತಲೆ ಆಡಿಸಿದರು. ‘ಚೆನ್ನಾಗಿದೆ,’ ಎಂದರು. ‘ಇಡೀ ಚಿತ್ರದಲ್ಲಿ ಜೀವ ಇರೋದು ಅಲ್ಲೇ.’

ಇಷ್ಟು ವರ್ಷ ಕಾದಿದ್ದ ಮಾತು ಹೀಗೆ, ಮುಚ್ಚಿದ ಬಾಗಿಲ ಹಿಂದೆ, ಕೈ ನಡುಗುವ ಮುದುಕನ ಬಾಯಿಂದ, ಅಗತ್ಯಕ್ಕೆ ಬಿದ್ದು ಬಂತು. ಅಗತ್ಯಕ್ಕೆಂದು ಗೊತ್ತಿದ್ದರೂ ಅವಳ ಕಣ್ಣು ತುಂಬಿತು, ಅದಕ್ಕೆ ಅವಳಿಗೆ ತನ್ನ ಮೇಲೇ ರೇಗಿತು. ಅವರ ಮೇಜಿನ ಪರದೆಗೂ ಅವಳ ಮೇಜಿನ ಪರದೆಗೂ ಮೊದಲಿಂದಲೂ ಸಂಪರ್ಕ ಇತ್ತು. ಅವಳು ಇಲ್ಲಿ ಬರೆಯುತ್ತಿದ್ದರೆ ಅವರು ತಮ್ಮ ಕೋಣೆಯಲ್ಲಿ ಕೂತೇ ಅದರ ಮೇಲೆ ತಿದ್ದುತ್ತಿದ್ದರು. ಇವತ್ತು ಅದನ್ನು ತಿರುವುಮುರುವು ಮಾಡಿದರೆ ಸಾಕು ಎಂದರು ಮೇಷ್ಟ್ರು. ಅವರು ಕ್ಯಾಮರಾದ ಮುಂದೆ ಪೆನ್ನು ಆಡಿಸುತ್ತಾರೆ, ಗೆರೆ ಅವಳು ಎಳೆಯುತ್ತಾಳೆ. ಕ್ಯಾಮರಾದಲ್ಲಿ ಕಾಣುವುದು ಅವರ ಮುಖ ಮತ್ತು ತೋಳು, ಬೆರಳಿನ ನಡುಕವಲ್ಲ.

‘ಆಮೇಲೆ ಹೇಳ್ತೀರಾ ಸಾರ್? ಯಾರು ಬರೆದಿದ್ದು ಅಂತ?’

‘ಹೇಳಿದ್ರೆ ಎಲ್ಲಾ ಬಿದ್ದುಹೋಗತ್ತಮ್ಮ. ದುಡ್ಡು ಹೋಗ್ಲಿ. ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳು ಅಂತಾಗತ್ತೆ.’ ಅವರು ಅವಳ ಮುಖ ನೋಡಲಿಲ್ಲ. ‘ನೀನು ಆಗಲ್ಲ ಅಂದ್ರೂ ನಾನು ಏನೂ ಅನ್ನೋ ಹಾಗಿಲ್ಲ.’

ಆಗುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಗಂಡ ಕೇಳಿದರೆ ಏನು ಹೇಳುವುದು ಎಂದೂ ಯೋಚನೆ ಬಂತು. ಆದರೆ ಪ್ರಪಂಚವೆಲ್ಲ ಈಗ ಒಂದು ಖಾಲಿ ಪರದೆ ನೋಡುತ್ತ ಕಾದಿದೆ, ಅದರ ಮೇಲೆ ಬೀಳುವ ಮೊದಲ ಗೆರೆ ತನ್ನದಾಗಬಹುದು; ನಡುವಿನದಲ್ಲ, ಮೊದಲಿನದು. ಆ ಆಸೆಗೆ ಅವಳ ಕೈ ತುರಿಸುತ್ತಿತ್ತು. ಹೆಸರಿಲ್ಲದಿದ್ದರೂ, ಸುಳ್ಳಾದರೂ, ಮುಂದೆ ಜೀವನವಿಡೀ ಕೊರಗಬೇಕಾಗಿ ಬಂದರೂ ಬರೆಯಬೇಕು ಎನಿಸಿತು. ‘ಬರೀತೀನಿ,’ ಎಂದಳು, ಎಷ್ಟು ಬೇಗ ಎಂದರೆ ಮೇಷ್ಟ್ರೇ ತಲೆಯೆತ್ತಿ ನೋಡಿದರು.

ಅವಳನ್ನು ಮೇಷ್ಟ್ರ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಮಧ್ಯೆ ಇದ್ದದ್ದು ಬರೀ ಪ್ಲೈವುಡ್ಡಿನ ಗೋಡೆ, ಸೂರಿನ ತನಕವೂ ಹೋಗಿರಲಿಲ್ಲ. ಅಳಿಯ ಕೆಮ್ಮಲೂಬಾರದು ಎಂದು ಕೈಸನ್ನೆ ಮಾಡಿ ಹೋದ. ಎದುರಿಗೆ ಬರೆಯುವ ಪರದೆ, ಪಕ್ಕದಲ್ಲಿ ಗೋಡೆಗೆ ಆನಿಸಿಟ್ಟ ಫೋನಿನಲ್ಲಿ ನೇರಪ್ರಸಾರ. ಅದರಲ್ಲಿ ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಬಿಳಿ. ಅವಳು ಪೆನ್ನು ಇಟ್ಟಳು. ಬಿಳಿಯ ಮೇಲೆ ಕಿಟಕಿಯ ಅಂಚು ಬಂತು. ಕ್ಷಣ ಬಿಟ್ಟು ಫೋನಿನಲ್ಲೂ ಬಂತು, ಪಕ್ಕದ ಕೋಣೆಯಿಂದ ಅಳಿಯ ‘ಆಹಾ’ ಎಂದದ್ದು ಗೋಡೆಯ ಮೇಲಿಂದ ಹಾರಿ ಬಂತು. ನೋಡುವವರ ಸಂಖ್ಯೆ ಏರುತ್ತಿತ್ತು. ಅವಳ ಕೈ ಎಂದೂ ಇಷ್ಟು ನಿರ್ಭಯವಾಗಿ ಓಡಿರಲಿಲ್ಲ. ಭುಜ ಒಂದೇ ಎಳೆತಕ್ಕೆ ಇಳಿಯಿತು. ಕತ್ತು ತಿರುಗಿತು. ಸಾವಿರ ಸಲ ಬರೆದ ಕೈ ಸಾವಿರದ ಒಂದನೆಯ ಸಲ ಹೊಸದಾಗಿ ಬಂತು. ಕಣ್ಣು ಇತ್ತ ನೋಡಿತು, ಬಾಯಿ ತೆರೆಯಿತು. ಅವಳ ಕೆನ್ನೆ ಬಿಸಿಯಾಗಿತ್ತು, ಕಿವಿ ಬಿಸಿಯಾಗಿತ್ತು, ಇಡೀ ಮೈಯಲ್ಲಿ ಸುಖ ಕಾಲುಂಗುಷ್ಠದ ತನಕ ಇಳಿದಿತ್ತು.

ನಾಲಿಗೆ ಬರಲಿಲ್ಲ. ಪೆನ್ನು ತುಟಿಯ ಹತ್ತಿರ ಹೋಗಿ ನಿಂತಿತು. ಬರೆಯಲು ಗೊತ್ತಿರಲಿಲ್ಲವೆಂದಲ್ಲ, ಉದ್ದ ಗೊತ್ತು, ಬಾಗು ಗೊತ್ತು. ಅವತ್ತು ಅದನ್ನು ಬರೆದದ್ದು ಗೆರೆಯಲ್ಲ, ಸಿಟ್ಟು. ಆ ಸಿಟ್ಟನ್ನು ಅವಳು ಈಗ ಎಲ್ಲ ಜೇಬಿನಲ್ಲೂ ಹುಡುಕಿದಳು. ಬೆರಳುಗಳು, ಎಂದುಕೊಂಡಳು. ಅರ್ಧ ಎದ್ದು ನಿಂತದ್ದು, ಎಂದುಕೊಂಡಳು. ಅತಿಥಿ ನಕ್ಕದ್ದು, ತಾನು ನಕ್ಕದ್ದು, ಬಸ್ಸು. ಎಲ್ಲ ನೆನಪಾಯಿತು, ಯಾವುದೂ ಸುಡಲಿಲ್ಲ. ಕಲ್ಲಿನ ಮೇಲೆ ಟಕಟಕ ಎಂದ ಲೋಟವೇ ಕಣ್ಣಿಗೆ ಬರುತ್ತಿತ್ತು. ಹಾಳಾದವನೇ, ಇನ್ನೊಂದು ಅರ್ಧ ಗಂಟೆ ಕೆಟ್ಟವನಾಗಿ ಇರಬಾರದಿತ್ತೇ ಎಂದು ಮೇಷ್ಟ್ರನ್ನು ಬೈದುಕೊಂಡಳು. ಗೆರೆ ನಿಂತೇ ಇತ್ತು. ಗೋಡೆಯಾಚೆ ಅಳಿಯ ಪಿಸುಗುಟ್ಟುವ ಧ್ವನಿಯಲ್ಲಿ, ‘ಕಲಾವಿದರು ಧ್ಯಾನದಲ್ಲಿದ್ದಾರೆ,’ ಎಂದು ಪ್ರಪಂಚಕ್ಕೆ ವಿವರಿಸುತ್ತಿದ್ದ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು.

ಅವಳು ಫೋನಿನ ಕಡೆ ನೋಡಿದಳು, ಮೇಷ್ಟ್ರ ಮುಖ ನೋಡಿದರಾದರೂ ಹಳೆಯ ಸಿಟ್ಟು ಬಂದೀತೆಂದು. ಗೆರೆ ನಿಂತದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅವರು ಪರದೆಯ ಮೇಲೆ ಬಗ್ಗಿ, ಹುಬ್ಬು ಗಂಟಿಕ್ಕಿ, ಇಲ್ಲದ ಗೆರೆಯನ್ನು ಮೈಯೆಲ್ಲ ಕಣ್ಣಾಗಿ ಎಳೆಯುತ್ತಿದ್ದರು. ತೋಳು ಎಡಕ್ಕೆ ಹೋದಾಗ ತಲೆಯೂ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬಂದಾಗ ಬಲಕ್ಕೆ. ತುಟಿಯ ಮೂಲೆಯಿಂದ, ಮೊದಲ ಸಲ ಅಕ್ಷರ ತೀಡುವ ಮಗುವಿಗೆ ಬರುವ ಹಾಗೆ, ಅವರ ನಾಲಿಗೆಯ ತುದಿ ಹೊರಗೆ ಬಂದಿತ್ತು. ಅದೂ ತೋಳಿನ ಜೊತೆಗೆ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು. ಅವಳು ನೋಡಿದಳು, ನೋಡುತ್ತಲೇ ಕೈ ಹೊರಟುಹೋಯಿತು. ಹೆಂಗಸಿನ ತುಟಿಯ ಮೂಲೆಯಿಂದ ಒಂದೇ ಎಳೆತಕ್ಕೆ ಆ ನಾಲಿಗೆ ಇಳಿಯಿತು, ಸ್ವಲ್ಪ ಓರೆಯಾಗಿ, ತುಂಬಾ ಗಂಭೀರವಾಗಿ, ಅವತ್ತಿನದ್ದಕ್ಕಿಂತ ಎಷ್ಟೋ ಚೆನ್ನಾಗಿ. ಹೊಟ್ಟೆಯ ಆಳದಿಂದ ಎದ್ದ ನಗುವನ್ನು ಹಿಡಿಯಲು ಅವಳಿಗೆ ಸಮಯವೇ ಸಿಗಲಿಲ್ಲ. ಜೋರಾಗಿ, ಬಾಯಿತುಂಬ, ಮನೆಯಲ್ಲಿ ನಗುವ ಹಾಗೆ ನಕ್ಕುಬಿಟ್ಟಳು. ನಗು ಪ್ಲೈವುಡ್ಡಿನ ಮೇಲಿಂದ ಆಚೆಗೆ ಬಿತ್ತು. ಕ್ಷಣ ಬಿಟ್ಟು ಫೋನಿನೊಳಗಿಂದ ಅವಳದೇ ನಗು ಅವಳಿಗೆ ಕೇಳಿಸಿತು.

‘ಯಾರದು ನಗ್ತಿರೋದು?’ ಎಂದು ಮೀಸೆಬೆಕ್ಕು ಕೇಳಿತು. ಗೊಂಬೆ ಮುಖದ ಹಿಂದೆ ವಯಸ್ಸಾದ ಹೆಂಗಸಿನ ಧ್ವನಿ ಇತ್ತು.

‘ಏನಿಲ್ಲ, ಏನಿಲ್ಲ,’ ಎಂದ ಅಳಿಯ. ‘ಆಫೀಸಿನವರು ಯಾರೋ, ಪಕ್ಕದಲ್ಲಿ. ಕ್ಷಮಿಸಬೇಕು.’

ಮೇಷ್ಟ್ರು ಪೆನ್ನು ಹಿಡಿದೇ ಇದ್ದರು. ಎದುರಿನ ಪರದೆಯಲ್ಲಿ ಬಂದ ನಾಲಿಗೆಯನ್ನು ನೋಡಿದರು, ತಮ್ಮ ನಾಲಿಗೆ ಒಳಗೆಳೆದುಕೊಂಡರು. ಅವರಿಗೆ ಅರ್ಥವಾಯಿತು ಎಂದು ಅವಳಿಗೆ ತಿಳಿಯಿತು. ಅವರ ತುಟಿ ಮೊದಲು ನಡುಗಿತು, ಆಮೇಲೆ ಅಗಲವಾಯಿತು. ಪೆನ್ನು ಕೆಳಗಿಟ್ಟರು. ಎರಡೂ ಕೈ ಎತ್ತಿ ಮೇಜಿನ ಮೇಲೆ, ಕ್ಯಾಮರಾಕ್ಕೆ ಕಾಣುವ ಹಾಗೆ ಇಟ್ಟರು, ಅವು ಎಷ್ಟು ಬೇಕಾದರೂ ನಡುಗಲಿ ಎಂದು ಬಿಟ್ಟರು. ‘ಆಫೀಸಿನವರಲ್ಲ,’ ಎಂದರು. ‘ನಕ್ಕಿದ್ದು ಇದನ್ನ ಬರೆದವರು.’

ಅಳಿಯ ಏನೋ ಕೂಗಿದ. ಅವಳಿಗೆ ಕೇಳಿಸಲಿಲ್ಲ. ಪೆನ್ನು ಇನ್ನೂ ಪರದೆಗೆ ತಾಗಿಕೊಂಡೇ ಇತ್ತು, ಎತ್ತಬೇಕೆಂದು ಹೊಳೆಯುವ ಮೊದಲೇ ಕೈ ಜಾರಿತು; ಹೆಂಗಸಿನ ಕಿಟಕಿಯಿಂದ ಹೊರಟ ಗೆರೆಯೊಂದು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಬಿಳಿಯ ತುಂಬ ಎಳೆದುಕೊಂಡು ಹೋಯಿತು.